ಉಸಿರು ಹಿಡೀರಿ

ಹಟ್ಟಿಯೊಳಗೆ ಬಹಳ ಮಂದಿಯ ಎದೆ ನನಗೆ ಗೊತ್ತು.
ಗದ್ದ ಎತ್ತಿಸಿ, ತಣ್ಣನೆ ಹಲಗೆಗೆ ಎದೆ ಒತ್ತಿಸಿ,
ಉಸಿರು ಹಿಡೀರಿ ಅನ್ನುತ್ತೇನೆ.
ಗುಂಡಿ ಒತ್ತಿ, ಬಿಡ್ರಿ ಅನ್ನುತ್ತೇನೆ.
ಇಪ್ಪತ್ತೊಂದು ವರ್ಷ, ಇಷ್ಟೇ ಮಾತಿನ ನೌಕರಿ.

ಅಮರಗುಂಡಪ್ಪ ಬಂದದ್ದು ರಾತ್ರಿ ಪಾಳಿ ಮುಗಿಸಿ.
ದೀಪದ ಟೊಪ್ಪಿಗೆ ತೆಗೆದಿದ್ದರೂ
ಅದರ ಪಟ್ಟಿ ಹಣೆಯ ಮೇಲೆ ಹಾಗೇ ಕೂತಿತ್ತು.
‘ತಾಂಜಾನಿಯಾಕ್ಕ ಹೊಂಟೀನ್ರಿ ಅಕ್ಕಾ.
ಅಲ್ಲೂ ಬಂಗಾರದ ಗಣಿ. ಎರಡ ವರ್ಷ.
ಪಗಾರ ಇಲ್ಲಿದರ ಮೂರ ಪಟ್ಟು.’

ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು.
ಎರಡು ತಿಂಗಳಿಂದ ನಳದ ಹತ್ತಿರ ಅದೇ ಮಾತು.
ಅಲ್ಲಿ ಸೊಳ್ಳೆ ಕಚ್ಚಿದರೆ ಮೂರೇ ದಿನವಂತೆ.
ಖಾಜಾಬಿ ತೋರಿಸಿದ ವಿಡಿಯೋದಲ್ಲಿ
ಹಾಡಹಗಲೇ ಒಬ್ಬನ ಬ್ಯಾಗು ಕಸಿದು ಹೊಡೆಯುತ್ತಿದ್ದರು;
ಅದು ಯಾವ ದೇಶವೋ, ಅಂಗಡಿ ಬೋರ್ಡು ಬೇರೆ ಲಿಪಿಯಲ್ಲಿತ್ತು.
ಹಂಪಮ್ಮ ಮಗಳ ಶಾಲೆಯ ನಕಾಶೆ ಹರವಿಕೊಂಡು
ಎಬೋಲಾ ಬಂದಿತ್ತೆನ್ನುವ ಊರಿಂದ ಗಂಡನ ಗಣಿಗೆ
ಬೆರಳಿಟ್ಟು ಅಳೆದಳು:
ಒಂದು ಬೆರಳೂ ತುಂಬಲಿಲ್ಲ.
ಅದೇ ಪುಟದಲ್ಲಿ ನಮ್ಮ ರಾಯಚೂರಿಂದ ಮದ್ರಾಸಿಗೂ
ಒಂದು ಬೆರಳು ತುಂಬುವುದಿಲ್ಲ.
ಅದನ್ನು ಯಾರು ಅಳೆಯಬೇಕು?

ಹೋದ ಮಳೆಗಾಲ ಡೆಂಗಿ ಬಂದು
ನಮ್ಮ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದರು,
ಅವರ ಮಗಳೂ ಒಬ್ಬಳು.
ಯಾರೂ ಊರು ಬಿಡಲಿಲ್ಲ.
ದಿನಾ ಎರಡು ಸಾವಿರ ಅಡಿ ಇಳಿಯುವ ಗಂಡಸಿಗೆ
ಪಂಜರದ ಹಗ್ಗ ಎಷ್ಟು ಹಳೆಯದೆಂದು
ಹಂಪಮ್ಮ ಒಂದು ದಿನವೂ ಕೇಳಿದವಳಲ್ಲ.
ಡಬ್ಬಿ ಕಟ್ಟಿ, ಲಗೂನ ಬರ್ರಿ, ಅನ್ನುವಳು.
ಈಗ ಅದೇ ಕೈ
ಸೊಳ್ಳೆಪರದೆಗೆ ಎರಡೆರಡು ಅಂಚು ಹೊಲಿಯುತ್ತಿತ್ತು.

ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ
ಹಳದಿ ಜ್ವರದ ಸೂಜಿ ಹಾಕಿಸಿಕೊಂಡು ಬಂದಿದ್ದ.
ಅಂಗೈಯಗಲದ ಹಳದಿ ಪುಸ್ತಕ ತೋರಿಸಿ ನಕ್ಕ:
‘ಇದು ಹೋಗಾಕಲ್ಲಂತ್ರಿ ಅಕ್ಕಾ.
ತಿರುಗಿ ಬರಾಕ.
ಇದಿಲ್ಲಂದ್ರ ನಮ್ಮೋರ ನಮ್ಮನ್ನ ಒಳಗ ಬಿಡಂಗಿಲ್ಲ.’

ಗದ್ದ ಎತ್ತಿದ. ಉಸಿರು ಹಿಡಿದ.

ಪರದೆಯ ಮೇಲೆ ಪಕ್ಕೆಲುಬು ಮೂಡಿದವು,
ಎಡಕ್ಕೆ ವಾಲಿದ ಹೃದಯ, ಮುಷ್ಟಿಯಷ್ಟು.
ಎರಡೂ ಕಡೆ, ಮೇಲುಗಡೆ,
ಕಪ್ಪು ಹೊಲದಲ್ಲಿ ಯಾರೋ ಕೈಬೀಸಿ ಚೆಲ್ಲಿದಂತೆ
ಸಣ್ಣ ಸಣ್ಣ ಬಿಳಿ ಸಜ್ಜೆಕಾಳು.

‘ಅಲುಗಾಡಿದ್ರಿ. ಇನ್ನೊಮ್ಮೆ,’ ಅಂದೆ.
ಅವನು ಅಲುಗಾಡಿರಲಿಲ್ಲ.
ಎರಡನೇ ಚಿತ್ರದಲ್ಲೂ ಕಾಳು ಅಲ್ಲಲ್ಲೇ ಇದ್ದವು.

ನಾನು ಡಾಕ್ಟರಲ್ಲ. ಲಕೋಟೆಗೆ ಹಾಕಿ ಹೆಸರು ಬರೆಯುವವಳು.

ಹದಿನೆಂಟನೇ ದಿನ ಅಲ್ಲಿಂದ ಉತ್ತರ ಬಂತು, ಮೂರೇ ಸಾಲು.
ಕ್ಷಯವೋ ಧೂಳೋ ಖಚಿತವಾಗುವ ತನಕ
ಕರೆಸಿಕೊಳ್ಳಲಾಗುವುದಿಲ್ಲ,
ನಮ್ಮ ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ.
ಅಲ್ಲಿಯ ಒಬ್ಬ ಹೆಂಡತಿಯೂ
ನಕಾಶೆಯ ಮೇಲೆ ಬೆರಳಿಟ್ಟು
ನಮ್ಮ ಊರು ಹುಡುಕಿರಬಹುದು.

ದೊಡ್ಡ ಡಾಕ್ಟರು ರಾಯಚೂರಿಗೆ ಚೀಟಿ ಬರೆದುಕೊಟ್ಟರು.
ಹೋಗ್ತೀನ್ರಿ ಅಂದ. ಇನ್ನೂ ಹೋಗಿಲ್ಲ.
ರಜೆ ಇಲ್ಲವಂತೆ.
ಹಳದಿ ಪುಸ್ತಕ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿದೆ,
ಸೂಜಿಯ ಬಲ ಬದುಕಿರುವ ತನಕ ಎಂದು ಅದರಲ್ಲಿ ಮೊಹರು.

ನಿನ್ನೆ ಹಂಪಮ್ಮ ಎಕ್ಸ್‌ರೇ ಕೋಣೆಗೇ ಬಂದಳು,
ತಾಟಿನ ಮೇಲೆ ತಾಟು ಮುಚ್ಚಿ.
ಮಾದಲಿ. ತುಪ್ಪ ಮೇಲೆ ನಿಂತಿತ್ತು.
‘ಅಮರಯ್ಯಗ ಹರಕಿ ಹೊತ್ತಿದ್ದೆ ಅಕ್ಕಾ.
ಆ ಜಡ್ಡಿನ ದೇಶ ತಪ್ಪಿತಲ್ಲ.
ಮನಿಷಾ ಕಣ್ಣಮುಂದ ಉಳದ.
ತಿನ್ರಿ, ನನ್ನ ಎದುರಿಗೇ ತಿನ್ರಿ.’

ಹೊರಗೆ ಪಾಳಿಯ ಸೈರನ್ ಕೂಗಿತು.
ಅವಳು ತಿರುಗಿ ನೋಡಿ, ‘ಇಳದ್ರು,’ ಅಂದಳು, ನೆಮ್ಮದಿಯಿಂದ.
ನನ್ನ ಬಾಯ್ತುಂಬ ಸಿಹಿ,
ಬೆನ್ನಿಗೆ ಆ ತಣ್ಣನೆ ಹಲಗೆ.
ಬಿಡ್ರಿ ಅನ್ನುವವರು
ಕೋಣೆಯಲ್ಲಿ ಯಾರೂ ಇರಲಿಲ್ಲ.